ಯೀಸ್ಟ್‌ನ ಸಕ್ಕರೆ ಬೀಗ

ಕೇಳುಗರಿಗೆ ನಮಸ್ಕಾರ. ಬ್ರೆಡ್ಡಿನ ಹಿಟ್ಟು ಉಬ್ಬಿಸುವ ಯೀಸ್ಟ್‌ಗೆ ಗ್ಲೂಕೋಸ್ ಸಿಕ್ಕಿತೆಂದರೆ, ಪಕ್ಕದಲ್ಲೇ ಸುಕ್ರೋಸ್, ಅಂದರೆ ನಮ್ಮ ಅಡುಗೆಮನೆಯ ಸಕ್ಕರೆ, ಇದ್ದರೂ ಅದರ ಗೊಡವೆಗೆ ಹೋಗುವುದಿಲ್ಲ. ಸುಕ್ರೋಸ್ ಒಡೆಯಲು ಇನ್ವರ್ಟೇಸ್ ಎಂಬ ಕಿಣ್ವ ಬೇಕು. ಅದರ ಜೀನ್ ಎಸ್‌ಯುಸಿ-2. ಗ್ಲೂಕೋಸ್ ಹೇರಳವಾಗಿರುವಾಗ ಮಿಗ್-1 ಎಂಬ ಪ್ರೋಟೀನ್ ಆ ಜೀನಿನ ಬಾಗಿಲಲ್ಲಿ ಕೂತು, ಟಪ್-1 ಮೊದಲಾದ ಜೊತೆಗಾರರನ್ನೂ ಕರೆಸಿಕೊಂಡು, ಆರ್‌ಎನ್‌ಎ ನಕಲಿಗೆ ಅಡ್ಡಗಟ್ಟುತ್ತದೆ.

ಈ ಕಾವಲನ್ನು ತೆಗೆಸುವುದು ಸ್ನಿಫ್-1 ಎಂಬ ಪ್ರೋಟೀನ್. ಅದರ ಜೀನ್ ಕೆಟ್ಟರೆ ಯೀಸ್ಟ್ ಸುಕ್ರೋಸ್ ಬಳಸಲಾರದು. ಅಂಥ ಯೀಸ್ಟ್ ತಳಿಗಳನ್ನು ಮೇರಿಯನ್ ಕಾರ್ಲ್ಸನ್ ಮತ್ತು ಸಂಗಡಿಗರು 1981ರಲ್ಲಿ ವರದಿ ಮಾಡಿದರು. ಸ್ನಿಫ್-1 ಒಂದು ಕೈನೇಸ್, ಅಂದರೆ ಬೇರೆ ಪ್ರೋಟೀನ್‌ಗಳಿಗೆ ಫಾಸ್ಫೇಟ್ ಅಂಟಿಸುವ ಕಿಣ್ವ, ಎಂದು ಗೊತ್ತಾದದ್ದು 1986ರಲ್ಲಿ. ಇದರ 210ನೇ ಸ್ಥಾನದ ಥ್ರಿಯೋನಿನ್ ಎಂಬ ಅಮೈನೋ ಆಮ್ಲಕ್ಕೆ ಫಾಸ್ಫೇಟ್ ಅಂಟಿದರೇ ಚುರುಕು. ಅದನ್ನು ಅಂಟಿಸುವ ಬೇರೆ ಕೈನೇಸ್‌ಗಳು ಮೂರು. ಒಂದನ್ನು ತೆಗೆದರೆ ಉಳಿದೆರಡು ನಿಭಾಯಿಸುತ್ತವೆ. ಸೋಜಿಗವೆಂದರೆ, ಗ್ಲೂಕೋಸ್ ಇದ್ದಾಗಲೂ ಅಂಟಿಸುವುದು ನಿಲ್ಲುವುದಿಲ್ಲ. ಆದರೆ ರೆಗ್-1 ಮತ್ತು ಗ್ಲಿಕ್-7 ಎಂಬ ಪ್ರೋಟೀನ್ ಜೋಡಿ ಆ ಫಾಸ್ಫೇಟನ್ನು ಕೂಡಲೇ ಕಿತ್ತುಹಾಕುತ್ತದೆ. ಗ್ಲೂಕೋಸ್ ಇಳಿದಾಗ ಕೀಳುವುದು ಕುಂಠಿತವಾಗಿ, ಸ್ನಿಫ್-1 ನ್ಯೂಕ್ಲಿಯಸ್ ಹೊಕ್ಕು ಮಿಗ್-1ಕ್ಕೆ ಫಾಸ್ಫೇಟ್ ಅಂಟಿಸುತ್ತದೆ. ಆಗ ಮಿಗ್-1 ನ್ಯೂಕ್ಲಿಯಸ್‌ನಿಂದ ಹೊರಬಿದ್ದು, ಜೀನ್ ತೆರೆಯುತ್ತದೆ. ಮಿಗ್-1ಕ್ಕೆ ಹಸಿರು ಹೊಳಪಿನ ಪ್ರೋಟೀನ್ ಜೋಡಿಸಿ ನೋಡಿದರೆ, ನ್ಯೂಕ್ಲಿಯಸ್ಸಿನ ಹಸಿರು ಚುಕ್ಕೆ ಕೆಲವೇ ನಿಮಿಷಗಳಲ್ಲಿ ಕರಗಿ ಕೋಶದ ತುಂಬ ಹರಡುತ್ತದೆ.

ಇದನ್ನು ಪ್ರಯೋಗದಲ್ಲಿ ನೋಡುವವರು ಯೀಸ್ಟನ್ನು ಶೇ. 2 ಗ್ಲೂಕೋಸ್‌ನಲ್ಲಿ ಬೆಳೆಸಿ, ತೊಳೆದು, ಶೇ. 0.05ಕ್ಕೆ ವರ್ಗಾಯಿಸಿ ಎರಡು-ಮೂರು ಗಂಟೆ ಬಿಡುತ್ತಾರೆ. ಪೂರ್ತಿ ಸೊನ್ನೆ ಮಾಡಬಾರದು. ಗ್ಲೂಕೋಸ್ ಒಮ್ಮೆಲೇ ಇಲ್ಲವಾದರೆ ಪ್ರೋಟೀನ್ ತಯಾರಿಕೆಯೇ ಕುಸಿಯುತ್ತದೆ, ಜೀನ್ ತೆರೆದರೂ ಕಿಣ್ವ ಸಿಗದು. ಕಿಣ್ವವನ್ನು ಅಳೆಯಲು ಕೋಶಗಳನ್ನು ಒಡೆಯಬೇಡಿ: ನಮಗೆ ಬೇಕಾದ ಇನ್ವರ್ಟೇಸ್ ಕೋಶಪೊರೆಯ ಹೊರಗೆ, ಕೋಶಭಿತ್ತಿಯ ಒಳಮಗ್ಗುಲಲ್ಲೇ ಇರುತ್ತದೆ. ಒಡೆದರೆ, ಗ್ಲೂಕೋಸ್‌ನ ಹಂಗಿಲ್ಲದೆ ಸದಾ ತಯಾರಾಗುವ ಒಳಗಿನ ಇನ್ವರ್ಟೇಸೂ ಲೆಕ್ಕಕ್ಕೆ ಸೇರುತ್ತದೆ. ಹಳೆಯ ಗ್ಲೂಕೋಸ್ ಉಳಿಯದಂತೆ ತೊಳೆಯಿರಿ. ಕೊನೆಗೆ ಅಳೆಯುವುದು ಸುಕ್ರೋಸ್ ಒಡೆದು ಬಂದ ಗ್ಲೂಕೋಸನ್ನೇ.

ಹೆಚ್ಚಿನವರು ಎಡವುವುದು ಫಾಸ್ಫೇಟ್ ಪರೀಕ್ಷೆಯಲ್ಲಿ. ಇದರಲ್ಲಿ ಕೋಶದ ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ಓಡಿಸಿ ಬೇರ್ಪಡಿಸಿ, ಫಾಸ್ಫೇಟ್ ಅಂಟಿದ ಸ್ನಿಫ್-1ಅನ್ನು ಗುರುತಿಸುವ ಪ್ರತಿಕಾಯದಿಂದ ಪಟ್ಟಿಯಾಗಿ ಕಾಣುತ್ತಾರೆ. ಕೋಶಗಳನ್ನು ಸೆಂಟ್ರಿಫ್ಯೂಜ್‌ಗೆ ಹಾಕಿ ತಳಕ್ಕೆ ಇಳಿಸುವ ಆ ಕೆಲವು ನಿಮಿಷಗಳೇ ಸ್ನಿಫ್-1ಅನ್ನು ಎಬ್ಬಿಸಲು ಸಾಕು. ಗ್ಲೂಕೋಸ್‌ನಲ್ಲಿದ್ದ ಮಾದರಿಯಲ್ಲೂ ದಟ್ಟ ಪಟ್ಟಿ ಬಂದು, ಗ್ಲೂಕೋಸ್ ಇದ್ದದ್ದಕ್ಕೂ ಇಳಿದದ್ದಕ್ಕೂ ವ್ಯತ್ಯಾಸವೇ ಇಲ್ಲವೆಂಬ ತಪ್ಪು ತೀರ್ಮಾನವಾಗುತ್ತದೆ. ಹಾಗಾಗಿ ಫ್ಲಾಸ್ಕಿನಿಂದ ತೆಗೆದ ದ್ರವವನ್ನು ಟ್ಯೂಬಿನಲ್ಲೇ ನೇರವಾಗಿ ಕುದಿಯುವ ನೀರಿಗೆ ಇಳಿಸಿ, ತಿರುಗಿಸುವುದೇನಿದ್ದರೂ ಆಮೇಲೆ. ಜೊತೆಗೆ ಸ್ನಿಫ್-1 ಜೀನ್ ಅಳಿಸಿದ ತಳಿಯ ಮಾದರಿಯೊಂದು ಅದೇ ಜೆಲ್‌ನಲ್ಲಿ ಓಡಲಿ. ಅಲ್ಲೂ ಪಟ್ಟಿ ಕಂಡರೆ ನಿಮ್ಮ ಪ್ರತಿಕಾಯ ಬೇರೇನನ್ನೋ ಹಿಡಿಯುತ್ತಿದೆ.