ಸಮಕ್ಕೆ ಬಂದು ಸೇರಿದ ಐವರು

ಕೇಳುಗರಿಗೆ ನಮಸ್ಕಾರ.

ಕಛೇರಿಯಲ್ಲಿ ತಾಳವಾದ್ಯದವರು ಮಾತ್ರ ನುಡಿಸುವ ತನಿ ಆವರ್ತನ ಶುರುವಾದ ಕೂಡಲೇ ಕಾಫಿಗೆ ಏಳುವವರದು ಒಂದು ಗುಂಪು. ತೊಡೆ ತಟ್ಟುತ್ತಾ, ಬೆರಳು ಎಣಿಸುತ್ತಾ ಅಲ್ಲೇ ಕೂತಿರುವವರದು ಇನ್ನೊಂದು. ನಾನು ಬಹಳ ವರ್ಷ ಕಾಫಿ ಗುಂಪಿನವನೇ. ನನ್ನನ್ನು ಕುರ್ಚಿಯಲ್ಲಿ ಕೂರಿಸಿದ್ದು ಯಾವ ವಿದ್ವಾಂಸರೂ ಅಲ್ಲ, ಒಂದು ಜಾಝ್ ಫ್ಯೂಷನ್ ಆಲ್ಬಮ್. ನಗಬೇಡಿ, ನಿಜ.

ಆಲ್ಬಮ್ಮಿನ ಹೆಸರು 'ದಿಸ್ ಮೊಮೆಂಟ್', ಅಂದರೆ 'ಈ ಕ್ಷಣ'. ತಂಡದ ಹೆಸರು 'ಶಕ್ತಿ'. ಇದು ಹೊರಬಂದದ್ದು 2023ರ ಜೂನ್ ಕೊನೆಗೆ. ಗಿಟಾರ್ ಜಾನ್ ಮೆಕ್‌ಲಾಫ್ಲಿನ್ ಅವರದು, ತಬಲಾ ಜಾಕಿರ್ ಹುಸೇನ್ ಅವರದು. ಹಾಡಿದವರು ಶಂಕರ್ ಮಹಾದೇವನ್. ಖಂಜಿರ, ಅಂದರೆ ಅಂಗೈಯಷ್ಟಗಲದ ಪುಟ್ಟ ಚರ್ಮವಾದ್ಯ, ಹಿಡಿದವರು ವಿ. ಸೆಲ್ವಗಣೇಶ್. ಪಿಟೀಲು ಗಣೇಶ್ ರಾಜಗೋಪಾಲನ್, ನಮ್ಮ ಕಡೆಯ ರಸಿಕರಿಗೆ ಚೆನ್ನಾಗಿ ಗೊತ್ತಿರುವ ಗಣೇಶ್–ಕುಮರೇಶ್ ಜೋಡಿಯಲ್ಲಿ ಅಣ್ಣ.

ಸ್ವಲ್ಪ ಹಿಂದಕ್ಕೆ ಹೋಗೋಣ. ಮೆಕ್‌ಲಾಫ್ಲಿನ್ ಇಂಗ್ಲೆಂಡಿನ ಯಾರ್ಕ್‌ಷೈರ್‌ನವರು. ಜಾಝ್ ದಿಗ್ಗಜ ಮೈಲ್ಸ್ ಡೇವಿಸ್ ಜೊತೆ ನುಡಿಸಿದವರು. ಆಮೇಲೆ 'ಮಹಾವಿಷ್ಣು ಆರ್ಕೆಸ್ಟ್ರಾ' ಕಟ್ಟಿದರು. ಅದರ ಅಬ್ಬರಕ್ಕೆ ಕಿವಿಗೆ ಹತ್ತಿ ಇಟ್ಟುಕೊಳ್ಳಬೇಕು! ಇಂಥವರು ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಎಸ್. ರಾಮನಾಥನ್ ಅವರ ಹತ್ತಿರ ವೀಣೆ ಕಲಿಯಲು ಕೂತರು. ವೀಣೆಯಲ್ಲಿ ತಂತಿ ಎಳೆದು ಗಮಕ, ಅಂದರೆ ಸ್ವರದ ತೂಗಾಟ, ತರುತ್ತೇವಲ್ಲ, ಅದು ಮಾಮೂಲಿ ಗಿಟಾರಿನಲ್ಲಿ ಅಷ್ಟು ಸುಲಭವಾಗಿ ಬರುವುದಿಲ್ಲ. ಅದಕ್ಕೇ ಬೇರೆ ಗಿಟಾರನ್ನೇ ಮಾಡಿಸಿಕೊಂಡರು. ಮೆಟ್ಟುಗಳ ನಡುವಿನ ಮರವನ್ನು ಬಟ್ಟಲಿನ ಹಾಗೆ ತೋಡಿಸಿದರು. ಶ್ರುತಿ ಮಿಡಿಯಲು ಏಳು ತಂತಿಗಳನ್ನು ಅಡ್ಡಲಾಗಿ ಹಾಕಿಸಿದರು. ಎಪ್ಪತ್ತರ ದಶಕದಲ್ಲಿ ಅವರು ಕಟ್ಟಿದ 'ಶಕ್ತಿ'ಯಲ್ಲಿ ಆಗ ಪಿಟೀಲಿಗೆ ಎಲ್. ಶಂಕರ್, ಘಟಕ್ಕೆ ವಿಕ್ಕು ವಿನಾಯಕರಾಂ, ತಬಲಾಕ್ಕೆ ಜಾಕಿರ್. ಈಗಿನ ಸೆಲ್ವಗಣೇಶ್ ಅದೇ ವಿನಾಯಕರಾಂ ಅವರ ಮಗ.

1977ರ ಆಲ್ಬಮ್ ಆದಮೇಲೆ ತಂಡ ಚದುರಿತು. ಇಪ್ಪತ್ತು ವರ್ಷ ಕಳೆದು 'ರಿಮೆಂಬರ್ ಶಕ್ತಿ' ಅಂತ ಮತ್ತೆ ಸೇರಿದರು. ಯು. ಶ್ರೀನಿವಾಸ್ ಮ್ಯಾಂಡೊಲಿನ್ ಹಿಡಿದು ಬಂದರು. ಆದರೆ ಆ ಕಾಲದ ಆಲ್ಬಮ್‌ಗಳೆಲ್ಲ ವೇದಿಕೆಯ ಮೇಲೆ ನುಡಿಸಿದ್ದು. 1977ರ ನಂತರ ಮುಂದಿನ ಸ್ಟುಡಿಯೋ ಆಲ್ಬಮ್ ಬರಲು ಒಟ್ಟು 46 ವರ್ಷ ಹಿಡಿಯಿತು. ಅಷ್ಟರಲ್ಲಿ, 2014ರಲ್ಲಿ, ಶ್ರೀನಿವಾಸ್ ತೀರಿಕೊಂಡಿದ್ದರು. ಅವರಿಗಿನ್ನೂ 45 ವರ್ಷ ವಯಸ್ಸು. ಹೊಸ ಆಲ್ಬಮ್ಮಿನ ಮೊದಲ ರಚನೆ 'ಶ್ರೀನೀಸ್ ಡ್ರೀಮ್', ಅವರದೇ ನೆನಪು.

ಈ ಆಲ್ಬಮ್ ಮಾಡಿದ್ದು ಕೋವಿಡ್ ಕಾಲದಲ್ಲಿ. ಒಬ್ಬರು ಮೊನಾಕೋದಲ್ಲಿ, ಒಬ್ಬರು ಕ್ಯಾಲಿಫೋರ್ನಿಯಾದಲ್ಲಿ, ಒಬ್ಬರು ಮುಂಬೈಯಲ್ಲಿ, ಇನ್ನೊಬ್ಬರು ಚೆನ್ನೈಯಲ್ಲಿ. ಒಬ್ಬರು ನುಡಿಸಿ ಕಳಿಸುವುದು, ಇನ್ನೊಬ್ಬರು ಅದಕ್ಕೆ ಸೇರಿಸಿ ಮುಂದಕ್ಕೆ ಕಳಿಸುವುದು. ಕಣ್ಣಿಗೆ ಕಣ್ಣು ಕೊಡದೆ, ತಲೆ ಆಡಿಸದೆ, 'ಭಲೇ' ಅನ್ನದೆ ಕಛೇರಿ ಹೇಗೆ ಮಾಡ್ತೀರಿ?

ನನಗೆ ತೋಚುವ ಉತ್ತರ ಸೊಲ್ಲುಕಟ್ಟು, ಅಂದರೆ ತಾಳದ ಲೆಕ್ಕವನ್ನು ಬಾಯಲ್ಲಿ ಹೇಳುವ ಸೊಲ್ಲುಗಳು. ಜಾಝ್‌ನವರು ಬದಲಾಗುತ್ತಾ ಹೋಗುವ ಕಾರ್ಡ್‌ಗಳ (chord, ಒಟ್ಟಿಗೆ ನುಡಿಸುವ ಸ್ವರಗುಚ್ಛ) ಮೇಲೆ ಮನೋಧರ್ಮ, ಅಂದರೆ ಆಗಿಂದಾಗ್ಗೆ ಹೊಳೆದದ್ದನ್ನು, ನುಡಿಸುತ್ತಾರೆ. ನಾವು ಒಂದೇ ಶ್ರುತಿಗೆ ಅಂಟಿಕೊಂಡು ರಾಗ ಬೆಳೆಸುತ್ತೇವೆ. ಸ್ವರದ ದಾರಿಯಲ್ಲಿ ಇಬ್ಬರೂ ಅಷ್ಟು ಸಲೀಸಾಗಿ ಎದುರಾಗುವುದಿಲ್ಲ. ಲೆಕ್ಕದಲ್ಲಿ ಮಾತ್ರ ಥಟ್ಟನೆ ಸಿಗುತ್ತಾರೆ. ಐದು ಅಂದರೆ ತಕ ತಕಿಟ. ಏಳು ಅಂದರೆ ತಕಿಟ ತಕಧಿಮಿ. ಬಾಯಲ್ಲಿ ಹೇಳಿಬಿಟ್ಟರೆ ಆಯಿತು, ಭಾಷೆಯೂ ಬೇಡ, ಕಾಗದವೂ ಬೇಡ. ಮೆಕ್‌ಲಾಫ್ಲಿನ್ ಇದನ್ನು ಎಷ್ಟು ಹಚ್ಚಿಕೊಂಡರು ಅಂದರೆ, 2007ರಲ್ಲಿ ಸೆಲ್ವಗಣೇಶ್ ಜೊತೆ ಸೇರಿ, ಈ ಸೊಲ್ಲುಗಳನ್ನು ತಾಳಕ್ಕೆ ಹೇಳುವ ಕಲೆಯಾದ ಕೊನ್ನಕ್ಕೋಲು ಕಲಿಸುವ ಡಿವಿಡಿಯನ್ನೇ ಮಾಡಿದರು. ಬೆಳ್ಳಿ ಕೂದಲಿನ ಇಂಗ್ಲಿಷ್ ಮನುಷ್ಯ ಕೈಯಲ್ಲಿ ತಾಳ ಹಾಕುತ್ತಾ 'ತಧಿಗಿಣತೊಂ' ಅನ್ನುವುದನ್ನು ನೋಡಬೇಕು ನೀವು.

ಒಟ್ಟು ಎಂಟು ರಚನೆಗಳಿವೆ. ಒಂದರ ಹೆಸರು 'ಗಿರಿರಾಜ್ ಸುಧಾ'. ಓದಿದ ತಕ್ಷಣ ನನಗೆ ಗಲಿಬಿಲಿ ಆಯಿತು. ತ್ಯಾಗರಾಜರು ಬಂಗಾಳ ರಾಗದಲ್ಲಿ ಹಾಡಿದ್ದು 'ಗಿರಿರಾಜ ಸುತಾ ತನಯ'. ಪರ್ವತರಾಜನ ಮಗಳ ಮಗ, ನಮ್ಮ ಗಣಪತಿ. ತಮಿಳಿನಲ್ಲಿ 'ತ'ಕ್ಕೂ 'ದ'ಕ್ಕೂ ಒಂದೇ ಅಕ್ಷರ, ಅಲ್ವಾ? ಅದು ಇಂಗ್ಲಿಷಿಗೆ ದಾಟುವಾಗ ಮಗಳು ಅಮೃತವಾಗಿರಬೇಕು! ಹೆಸರು ಏನೇ ಆಗಲಿ, ಶಂಕರ್ ಮಹಾದೇವನ್ ಬಿರ್ಕಾ, ಅಂದರೆ ಮಿಂಚಿನ ವೇಗದ ಸ್ವರದ ಸುಳಿ, ಹಾಕುವಾಗ ಅವರ ಕರ್ನಾಟಕ ಸಂಗೀತದ ತಳಪಾಯ ಎಷ್ಟು ಗಟ್ಟಿ ಅಂತ ಗೊತ್ತಾಗುತ್ತದೆ. ಸಿನಿಮಾ ಹಾಡಿನಲ್ಲಿ ಅದು ಅಷ್ಟು ಕಾಣುವುದಿಲ್ಲ.

ಎಲ್ಲವೂ ಹಿಡಿಸಿತು ಅಂತ ಹೇಳಲಾರೆ. ಗಿಟಾರಿನಿಂದ ಹೊರಡುವ ಸಿಂಥಸೈಜರ್ ನಾದ ನನ್ನ ಕಿವಿಗೆ ಜಾಸ್ತಿ ನುಣುಪು. 1975ರಲ್ಲಿ ವೇದಿಕೆಯ ಮೇಲೆ ಮುದ್ರಿಸಿದ ಮೊದಲ ಆಲ್ಬಮ್ಮಿನಲ್ಲಿ ಪಿಟೀಲೂ ಗಿಟಾರೂ ಒಂದನ್ನೊಂದು ಅಟ್ಟಿಸಿಕೊಂಡು ಹೋಗುತ್ತವೆ. ಈಗ ಬಿದ್ದರು, ಆಗ ಬಿದ್ದರು ಅನ್ನುವ ಹಾಗೆ. ಇಲ್ಲಿ ಯಾರೂ ಬೀಳುವುದಿಲ್ಲ. ದೂರ ಕೂತು ಮಾಡಿದ್ದರ ಗುರುತು ಇದೇ ಇರಬೇಕು.

2023ರ ಜನವರಿಯಲ್ಲಿ ತಂಡ ಬೆಂಗಳೂರಿಗೂ ಬಂದಿತ್ತು. ಐವತ್ತನೇ ವರ್ಷದ ಪ್ರವಾಸ. ಮರುವರ್ಷ ಫೆಬ್ರವರಿಯಲ್ಲಿ ಆಲ್ಬಮ್ಮಿಗೆ ಗ್ರ್ಯಾಮಿ ಪ್ರಶಸ್ತಿ ಬಂತು. ಜಾಕಿರ್ ಅವರಿಗೆ ಆ ಒಂದೇ ರಾತ್ರಿ ಮೂರು ಗ್ರ್ಯಾಮಿ. ಅದೇ ವರ್ಷ ಡಿಸೆಂಬರ್ 15ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅವರು ತೀರಿಕೊಂಡರು. ಆಲ್ಬಮ್ಮಿನ ಹೆಸರನ್ನು ಈಗ ಓದಿದರೆ ಬೇರೆಯೇ ಥರ ಕೇಳಿಸುತ್ತದೆ.

ಈಗ ಇದೇ ಆಲ್ಬಮ್ಮಿನ 'ಮೋಹನಂ' ಕೇಳೋಣ. ಹೆಸರಿನ ರಾಗ ನಿಮಗೆ ಗೊತ್ತಿರುವುದೇ, ಐದೇ ಸ್ವರ. ಗಿಟಾರನ್ನು ಸ್ವಲ್ಪ ಹೊತ್ತು ಮರೆತು ತಬಲಾ ಮತ್ತು ಖಂಜಿರದ ಕಡೆ ಮಾತ್ರ ಕಿವಿ ಕೊಡಿ. ತೊಡೆಯ ಮೇಲೆ ಎಣಿಸುತ್ತಾ ಹೋಗಿ. ತಪ್ಪಿದರೆ ಚಿಂತೆಯಿಲ್ಲ, ನಾನೂ ಎಷ್ಟೋ ಸಲ ತಪ್ಪಿದ್ದೇನೆ. ಕಾಫಿ ಆಮೇಲೆ.