ಜೇಬಿನಲ್ಲಿದ್ದ ಪೇಪರ್ ಕಟಿಂಗ್

ಕೇಳುಗರಿಗೆ ನಮಸ್ಕಾರ.

ನವೆಂಬರ್ 26 ಬಂತೆಂದರೆ ನನಗೆ ವಿಷ್ಣು ಝೆಂಡೆ ನೆನಪಾಗುತ್ತಾರೆ. ಈ ಹೆಸರನ್ನು ನಿಮ್ಮಲ್ಲಿ ಬಹಳ ಜನ ಕೇಳಿರಲಿಕ್ಕಿಲ್ಲ. 2008ರ ಆ ರಾತ್ರಿ ಮುಂಬೈನ ಛತ್ರಪತಿ ಶಿವಾಜಿ ಟರ್ಮಿನಸ್‌ಗೆ ಇಬ್ಬರು ಬಂದೂಕು ಹಿಡಿದು ನುಗ್ಗಿದಾಗ ಅಲ್ಲಿ ಮೈಕಿನ ಮುಂದೆ ಕೂತಿದ್ದ ರೈಲ್ವೆ ಉದ್ಘೋಷಕ ಅವರು. ಮೊದಲು ಬಾಂಬ್ ಸಿಡಿಯಿತು ಅಂದುಕೊಂಡರಂತೆ. ಬಂದೂಕು ಕಣ್ಣಿಗೆ ಬಿದ್ದ ಮೇಲೂ ಎದ್ದು ಓಡಲಿಲ್ಲ. ಈ ಕಡೆ ಬರಬೇಡಿ, ಒಂದನೇ ಪ್ಲಾಟ್‌ಫಾರ್ಮಿನ ಹಿಂದಿನ ಗೇಟಿನಿಂದ ಹೊರಗೆ ಹೋಗಿ ಎಂದು ಹಿಂದಿಯಲ್ಲೂ ಮರಾಠಿಯಲ್ಲೂ ಹೇಳುತ್ತಲೇ ಇದ್ದರು. ಗುಂಡುಗಳು ಅವರ ಕೋಣೆಯತ್ತಲೂ ಹಾರಿದವು. ಇಲ್ಲಿ ಬಾಗಿಲು ಮುಚ್ಚಿದ ಸ್ಟುಡಿಯೋದಲ್ಲಿ ಕೆಂಪು ದೀಪ ಹತ್ತಿದರೇ ಸಾಕು, ನನ್ನ ನಾಲಿಗೆ ಒಣಗುತ್ತದೆ.

ಅದೇ ರಾತ್ರಿ ಗಿರ್‌ಗಾಂವ್ ಚೌಪಾಟಿಯ ಹತ್ತಿರ ಪೊಲೀಸ್ ಸಿಬ್ಬಂದಿ ತುಕಾರಾಂ ಓಂಬಳೆ ಕಸಬ್‌ನ ಬಂದೂಕಿನ ನಳಿಗೆಯನ್ನೇ ಹಿಡಿದುಕೊಂಡರು. ಗುಂಡುಗಳು ಮೈಹೊಕ್ಕರೂ ಹಿಡಿತ ಬಿಡಲಿಲ್ಲ. ಅವನು ಜೀವಂತ ಸಿಕ್ಕಿದ್ದು ಹಾಗೆ. ಓಂಬಳೆ ಉಳಿಯಲಿಲ್ಲ. ಇವರಿಬ್ಬರ ಬಾಯಲ್ಲಿ ಆ ಹೊತ್ತು ದೇಶಭಕ್ತಿಯ ಮಾತು ಬಂದಿರಲಾರದು. ಡ್ಯೂಟಿ ಇತ್ತು, ಮಾಡಿದರು.

ಆ ದಾಳಿಯಲ್ಲಿ ಒಟ್ಟು 166 ಜನ ಸತ್ತರು. ದೇಶಭಕ್ತಿಯ ಮಾತೆಲ್ಲ ಬಂದಿದ್ದು ಆಮೇಲೆ, ನಮ್ಮಂಥವರ ಬಾಯಿಂದ. ಮರುದಿನವೇ ಕೆಲಸಕ್ಕೆ ಹೊರಟ ಜನರನ್ನು ಕಂಡು 'ಮುಂಬೈ ಸ್ಪಿರಿಟ್' ಎಂದು ಹೊಗಳಿದೆವು. ಅರ್ಧ ಅದು ಹೊಟ್ಟೆಪಾಡು, ಇರಲಿ.

ನಮ್ಮ ಬೀದಿಯಲ್ಲೂ ಮುಂದಿನ ವಾರ ಒಂದು ಸಭೆ ಸೇರಿತು. ಗಣಪತಿ ಪೆಂಡಾಲು ಹಾಕುವ ಜಾಗ, ಕೈಯಲ್ಲಿ ಮೇಣದ ಬತ್ತಿ, ಒಂದು ನಿಮಿಷ ಮೌನ. ಮಾತಾಡುವವರು ಬೇಕಿತ್ತು. ಯಾರೋ "ಟೈಲರ್ ಸಾಹೇಬರು ಎರಡು ಮಾತು ಆಡಲಿ" ಅಂದರು. ಯಾರೋ ಅಂತ ಯಾಕೆ ಮುಚ್ಚಿಡಲಿ, ನಾನೇ ಅಂದದ್ದು. ಒಗ್ಗಟ್ಟು ಎದ್ದು ಕಾಣಬೇಕಲ್ಲ ಎನ್ನುವ ಆಸೆ.

ಸಾಹೇಬರು ಅಂಗಡಿಯಿಂದ ನೇರ ಬಂದಿದ್ದರು, ಅಳತೆ ಟೇಪು ಕೊರಳಲ್ಲೇ ಇತ್ತು. ಮಾತಾಡುವ ಬದಲು ಜೇಬಿನಿಂದ ಪೇಪರ್ ಕಟಿಂಗ್ ತೆಗೆದು, ಕೈ ಚೂರು ನಡುಗುತ್ತಿದ್ದರೂ ಗಟ್ಟಿಯಾಗಿ ಓದಿದರು. ಸತ್ತ ಒಂಬತ್ತು ಭಯೋತ್ಪಾದಕರನ್ನು ಹೂಳಲು ಮುಂಬೈನ ಬಡಾ ಕಬರಸ್ತಾನದಲ್ಲಿ ಜಾಗ ಕೊಡುವುದಿಲ್ಲ ಎಂದು ಅಲ್ಲಿಯ ಮುಸ್ಲಿಂ ಟ್ರಸ್ಟ್ ಹೇಳಿದ ಸುದ್ದಿ ಅದು. (ಆ ಹೆಣಗಳು ಮುಂದೆ ವರ್ಷಕ್ಕೂ ಮಿಕ್ಕಿ ಶವಾಗಾರದಲ್ಲೇ ಇದ್ದವು.) ಓದಿ ಮುಗಿಸಿದಾಗ ಜೋರು ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ.

ರಾತ್ರಿ ಅಂಗಿ ಕಳಚಿ ಗೂಟಕ್ಕೆ ಹಾಕುವಾಗ ಹೊಳೆಯಿತು. ನನ್ನ ಜೇಬಿನಲ್ಲಿ ಅಂಥ ಯಾವ ಚೀಟಿಯೂ ಇರಲಿಲ್ಲ. ಯಾರೂ ಕೇಳಿರಲೂ ಇಲ್ಲ. ನಾನು ಕರೆಯುವುದಕ್ಕೆ ಮುಂಚೆಯೇ ಸಾಹೇಬರು ಅದನ್ನು ಕತ್ತರಿಸಿ, ಮಡಿಸಿ ಇಟ್ಟುಕೊಂಡಿದ್ದರಲ್ಲ, ಆ ಕತ್ತರಿ ಹಿಡಿದ ಕೈಯನ್ನು ನೆನೆಸಿಕೊಂಡು ಬಹಳ ಹೊತ್ತು ನಿದ್ದೆ ಬರಲಿಲ್ಲ.

ನಮ್ಮ ಸಂವಿಧಾನ ಅಂಗೀಕಾರವಾದದ್ದೂ ನವೆಂಬರ್ 26ರಂದೇ, 1949ರಲ್ಲಿ. ಅದರ ಪೀಠಿಕೆಯನ್ನು ಮಕ್ಕಳಿಂದ ನೂರು ಸಲ ಓದಿಸಿದ ಮೇಷ್ಟ್ರು ನಾನು. ಭ್ರಾತೃತ್ವದ ಸಾಲಿನಲ್ಲಿ ವ್ಯಕ್ತಿಯ ಗೌರವ ಮೊದಲು ಬರುತ್ತದೆ, ರಾಷ್ಟ್ರದ ಏಕತೆ ಅದರ ಬೆನ್ನಿಗೆ. ಆ ಸಂಜೆ ನಾನು ಅದನ್ನು ಹಿಂದುಮುಂದು ಮಾಡಿಬಿಟ್ಟಿದ್ದೆ.

ಎಷ್ಟೋ ವರ್ಷಗಳಾದ ಮೇಲೆ, ಅಂಗಿ ಹೊಲಿಸಲು ಹೋದಾಗ, ಧೈರ್ಯ ಮಾಡಿ ಕೇಳಿದೆ: "ಸಾಹೇಬ್ರೇ, ಆ ಪೇಪರ್ ಕಟಿಂಗ್ ಏನಾಯ್ತು?"

ಸಾಹೇಬರು ನಕ್ಕರು. "ಮಡಿಸಿ ಮಡಿಸಿ ಹರಿಯೋಕೆ ಬಂದಿತ್ತು ಮೇಷ್ಟ್ರೇ, ಲ್ಯಾಮಿನೇಷನ್ ಮಾಡಿಸಿಬಿಟ್ಟೆ" ಎಂದು ನನ್ನ ತೋಳಿಗೆ ಟೇಪು ಹಿಡಿದರು.

ನಮಸ್ಕಾರ.