ಹಳೆ ಲಾರಿಯ ಚಕ್ರ: ನಟ್, ರಿಂಗ್, ಬೇರಿಂಗ್

ಲಾರಿ ಮಾಲಕರೇ, ಚಾಲಕರೇ, ಪಂಕ್ಚರ್ ಅಂಗಡಿಯ ಗೆಳೆಯರೇ,

ಕಾಸರಗೋಡಿನ ಬದಿಯಡ್ಕ, ಪೆರ್ಲ, ಕುಂಬಳೆ ಕಡೆ ಕೆಂಪುಕಲ್ಲು, ಜಲ್ಲಿ ಹೊರುವ ಲಾರಿಗಳಲ್ಲಿ ಹಳೆಯವು ಈಗಲೂ ಬಹಳ ಇವೆ. ಕಡಲ ಗಾಳಿಯ ಉಪ್ಪು, ನಾಲ್ಕು ತಿಂಗಳ ಮಳೆ, ಕೋರೆಯೊಳಗಿನ ಹೊಂಡಗಳು ಎಲ್ಲಕ್ಕಿಂತ ಮೊದಲು ಚಕ್ರವನ್ನೇ ತಿನ್ನುತ್ತವೆ. ಎಂಟು ವರ್ಷ ದಾಟಿದ ವಾಹನಕ್ಕೆ ವರ್ಷಕ್ಕೊಮ್ಮೆ ಫಿಟ್‌ನೆಸ್ ಉಂಟು, ನಿಜ. ಆದರೆ ನಟ್ ಸಡಿಲವಾಗಲು ವರ್ಷ ಬೇಡ, ಒಂದು ಮಧ್ಯಾಹ್ನ ಸಾಕು.

ನಟ್ಟಿನಿಂದಲೇ ಶುರುಮಾಡುವ. ನಟ್ ಬಿಗಿದಾಗ ಅದು ಕೂರುವ ಬೋಲ್ಟ್, ಅಂದರೆ ಸ್ಟಡ್, ಕೂದಲೆಳೆಯಷ್ಟು ಹಿಗ್ಗುತ್ತದೆ. ಹಿಗ್ಗಿದ್ದು ಕುಗ್ಗಲು ನೋಡುವುದರಿಂದ ಡಿಸ್ಕನ್ನು (ಚಕ್ರದ ನಡುವಿನ ತಟ್ಟೆ) ಹಬ್ಬಿಗೆ (ಚಕ್ರ ಕೂರುವ, ಆಕ್ಸಲ್ ತುದಿಯ ಭಾಗ) ಅದುಮಿ ಹಿಡಿಯುತ್ತದೆ. ಲೋಡಿನಲ್ಲೂ ಬ್ರೇಕಿನಲ್ಲೂ ಡಿಸ್ಕ್ ಜಾರದಂತೆ ತಡೆಯುವುದು ಆ ಅದುಮಿನ ಘರ್ಷಣೆ. ಅದು ತಗ್ಗಿದರೆ ಡಿಸ್ಕ್ ಹಬ್ಬಿನ ಮೇಲೆ ಮಿಸುಕಾಡುತ್ತದೆ, ತೂತು ಅಂಡಾಕಾರಕ್ಕೆ ತಿರುಗುತ್ತದೆ, ಸ್ಟಡ್ ಬಗ್ಗಿ ಬಗ್ಗಿ ದಣಿದು ತುಂಡಾಗುತ್ತದೆ. ಸ್ಟಡ್ ತುಂಡಾದಾಗ ಮಾಲು ಸರಿಯಿಲ್ಲ ಅನ್ನುವವರೇ ಹೆಚ್ಚು. ತುಂಡಾದ ಹತ್ತರಲ್ಲಿ ಒಂಬತ್ತಕ್ಕೆ ಸಡಿಲವೇ ಕಾರಣವಿರಬೇಕು ಎಂದುಕೊಂಡು ಹುಡುಕಿದರೆ ನಷ್ಟವಿಲ್ಲ.

ಹಾಗಾಗಿ ಡಿಸ್ಕ್ ಮತ್ತು ಹಬ್ಬಿನ ನಡುವೆ ಏನಿದೆ ಎನ್ನುವುದು ಮುಖ್ಯ. ತುಕ್ಕಿನ ಹೊಪ್ಪಳೆ, ಕೆಂಪು ಮಣ್ಣು, ದಪ್ಪ ಪೇಂಟ್ ಇದ್ದರೆ ಬಿಗಿಯುವಾಗ ಗಟ್ಟಿ ಕೂತಂತೆ ಕಾಣುತ್ತದೆ. ಓಡುತ್ತ ಅವು ಪುಡಿಯಾಗಿ ಬಿಗಿ ಇಳಿಯುತ್ತದೆ. ಫಿಟ್‌ನೆಸ್‌ಗೆಂದು ಡಿಸ್ಕಿಗೆ ಮೇಲಿಂದ ಮೇಲೆ ಪೇಂಟ್ ಬಳಿಯುವ ಅಭ್ಯಾಸ ಇದಕ್ಕೇ ಅಪಾಯ. ತಂತಿ ಬ್ರಷ್‌ನಿಂದ ಎರಡೂ ಮುಖಗಳನ್ನು, ಜೋಡಿ ಚಕ್ರವಾದರೆ ಎರಡು ಡಿಸ್ಕ್‌ಗಳ ನಡುವನ್ನೂ, ಲೋಹ ಕಾಣುವವರೆಗೆ ಉಜ್ಜಬೇಕು. ಆ ಮುಖಗಳಿಗೆ ಗ್ರೀಸ್, ಎಣ್ಣೆ ಸೋಕಬಾರದು.

22 ಮಿ.ಮೀ. ಸ್ಟಡ್‌ಗೆ ಸಾಮಾನ್ಯವಾಗಿ 600 ನ್ಯೂಟನ್ ಮೀಟರಿನ ಆಸುಪಾಸು ಬಿಗಿ ಬೇಕು. ಸರಿಯಾದ ಅಂಕಿ ಕಂಪೆನಿಯ ಪುಸ್ತಕದಲ್ಲಿರುತ್ತದೆ. ಟಾರ್ಕ್ ಪಾನ (ಬಿಗಿ ಅಳೆಯುವ ಸ್ಪ್ಯಾನರ್) ಇಲ್ಲದಿದ್ದರೆ ಅಂದಾಜು ಹೀಗೆ: ಒಂದು ಮೀಟರ್ ಉದ್ದದ ಹಿಡಿಯ ತುದಿಗೆ 60 ಕಿಲೋ ಭಾರ ಹಾಕಿದಷ್ಟು. ಎರಡು ಮೀಟರ್ ಪೈಪು ಸಿಕ್ಕಿಸಿ 70 ಕಿಲೋದ ಆಳು ಅದರ ಮೇಲೆ ನಿಂತರೆ ಬೇಕಾದುದರ ಎರಡು ಪಾಲಿಗೂ ಹೆಚ್ಚು. ಅಲ್ಲಿಗೆ ಸ್ಟಡ್ ಹಿಗ್ಗಿ, ಮತ್ತೆ ಕುಗ್ಗುವ ಗುಣವನ್ನೇ ಕಳೆದುಕೊಳ್ಳುತ್ತದೆ. ಗಾಳಿ ಗನ್ನಿನಿಂದ ಪೂರ್ತಿ ಬಿಗಿದರೂ ಇದೇ ಗತಿ. ಕೈಯಲ್ಲಿ ತಿರುಗಿಸಿ, ಒಂದು ನಟ್ಟಾದ ಮೇಲೆ ಅದರ ಎದುರಿನದು ಎಂಬ ಕ್ರಮದಲ್ಲಿ ಅರ್ಧ ಬಿಗಿದು, ಚಕ್ರ ನೆಲಕ್ಕಿಳಿದ ಮೇಲೆ ಅದೇ ಕ್ರಮದಲ್ಲಿ ಪೂರ್ತಿ ಬಿಗಿಯಿರಿ. ಕೆಲವು ಹಳೆ ಗಾಡಿಗಳ ಎಡಚಕ್ರಕ್ಕೆ ಉಲ್ಟಾ ತ್ರೆಡ್ ಇರುತ್ತದೆ. ಪಾನ ಹಾಕುವ ಮೊದಲು ಸ್ಟಡ್ಡಿನ ತುದಿಯ ಗುರುತು ನೋಡಿ. ಕೋನ್ ನಟ್ ಕೂರುವ ಡಿಸ್ಕಿಗೆ ಚಪ್ಪಟೆ ನಟ್ ಹಾಕಿ ಸುಧಾರಿಸುವುದು ಬೇಡವೇ ಬೇಡ.

ಚಕ್ರ ಬಿಚ್ಚಿ ಹಾಕಿದ ಮೇಲೆ ಸುಮಾರು 50 ಕಿ.ಮೀ. ಓಡಿಸಿ ಮತ್ತೆ ಬಿಗಿ ನೋಡಬೇಕು. ಕಾಸರಗೋಡಿನಿಂದ ಮಂಗಳೂರಿಗೆ ಹೋದಷ್ಟು ದೂರ. ಲೋಡ್ ಇಳಿಸುವ ಹೊತ್ತಿನಲ್ಲೇ ಆ ಕೆಲಸ ಮುಗಿಯುತ್ತದೆ. ದಿನವೂ ಬೆಳಿಗ್ಗೆ ಕಣ್ಣಾಡಿಸಿ: ನಟ್ಟಿನ ಬುಡದಿಂದ ಕೆಂಪು ತುಕ್ಕಿನ ಗೆರೆ ಸೂರ್ಯಕಿರಣದಂತೆ ಹೊರಟಿದ್ದರೆ ಸಡಿಲ. ನಟ್ಟಿಗೂ ಡಿಸ್ಕಿಗೂ ಎಳೆದ ಪೇಂಟ್ ಗೆರೆ ತಪ್ಪಿದ್ದರೆ ನಟ್ ತಿರುಗಿದೆ ಎಂದು ಖಚಿತ. ಗೆರೆ ನೇರವಿದ್ದ ಮಾತ್ರಕ್ಕೆ ಬಿಗಿ ಇದೆ ಎನ್ನುವಂತಿಲ್ಲ, ಪಾನ ಹಾಕಿಯೇ ನೋಡಬೇಕು. ಒಂದು ಸ್ಟಡ್ ತುಂಡಾದರೆ ಅದರ ಅಕ್ಕಪಕ್ಕದ ಎರಡನ್ನೂ ಬದಲಿಸಿ; ಎರಡು ತುಂಡಾಗಿದ್ದರೆ ಆ ಚಕ್ರದ ಎಲ್ಲವನ್ನೂ. ಬಿರುಕು ಬಿಟ್ಟ ಡಿಸ್ಕ್ ಗುಜರಿಗೆ. ವೆಲ್ಡಿಂಗ್ ಬೇಡ. ಟಯರ್ ಕೂತಿರುವಾಗಲಂತೂ, ಗಾಳಿ ತೆಗೆದಿದ್ದರೂ, ರಿಮ್ಮಿಗೆ ಬೆಂಕಿ ತಾಗಿಸಬಾರದು: ಬಿಸಿಗೆ ರಬ್ಬರಿನಿಂದ ಹೊರಡುವ ಅನಿಲ ಒಳಗೇ ಹೊತ್ತಿ ಟಯರ್ ಸಿಡಿಯುತ್ತದೆ.

2018ರಲ್ಲಿ ನಾಲ್ಕು ಟಯರಿನ ಒಂಟಿ ಆಕ್ಸಲ್ ಹೊರಬಹುದಾದ ಭಾರದ ಮಿತಿ 10.2 ಟನ್ನಿನಿಂದ 11.5 ಟನ್ನಿಗೆ ಏರಿತು. ಕಾಗದದಲ್ಲಿ ಮಿತಿ ಏರಿದ ಮಾತ್ರಕ್ಕೆ 2018ಕ್ಕೂ ಮೊದಲು ಮಾಡಿದ ಹಳೆ ಡಿಸ್ಕ್ ಬಲಗೊಳ್ಳಲಿಲ್ಲ.

ಇನ್ನು ರಿಂಗ್. ಟ್ಯೂಬ್ ಹಾಕುವ 20 ಇಂಚಿನ ರಿಮ್ಮಿನಲ್ಲಿ ಟಯರಿನ ಅಂಚಿಗೆ ಆನುವ ಸೈಡ್ ರಿಂಗನ್ನು ಲಾಕ್ ರಿಂಗ್ ಎಂಬ ಇನ್ನೊಂದು ರಿಂಗ್ ತಡೆದು ಹಿಡಿದಿರುತ್ತದೆ. 100 ಪೌಂಡ್ ಗಾಳಿಯಲ್ಲಿ ಅದರ ಮೇಲೆ ಬೀಳುವ ಒತ್ತಡ ಹತ್ತು ಟನ್ನಿಗೂ ಮಿಕ್ಕಿ. ಲಾಕ್ ರಿಂಗ್ ಕೂರುವ ಗ್ರೂವ್ ತುಕ್ಕು ಹಿಡಿದು ಸವೆದಿದ್ದರೆ, ಅಥವಾ ಬೇರೆ ರಿಮ್ಮಿನ ರಿಂಗ್ ಹಾಕಿದ್ದರೆ, ಅದು ಹಾರುತ್ತದೆ. ಗಾಳಿ ತುಂಬುತ್ತಿರುವಾಗ ರಿಂಗ್ ಸರಿ ಕೂರಲಿಲ್ಲವೆಂದು ಸುತ್ತಿಗೆಯಲ್ಲಿ ಬಡಿಯುವುದು ಕಂಡರೆ ಕೂಡಲೇ ತಡೆಯಿರಿ. ಗಾಳಿ ಪೂರ್ತಿ ಬಿಟ್ಟು, ಬಿಚ್ಚಿ, ಮತ್ತೆ ಕೂರಿಸುವುದೊಂದೇ ದಾರಿ. ತುಂಬುವಾಗ ಚಕ್ರ ಕಬ್ಬಿಣದ ಪಂಜರದೊಳಗಿರಲಿ, ಪೈಪ್ ಉದ್ದವಿರಲಿ, ಆಳು ರಿಂಗಿನ ನೇರಕ್ಕೆ ನಿಲ್ಲದಿರಲಿ. ಜೋಡಿ ಚಕ್ರ ಬಿಚ್ಚುವಾಗ ನಟ್ಟಿಗೆ ಕೈಹಾಕುವ ಮೊದಲು ಎರಡೂ ಟಯರಿನ ವಾಲ್ವ್ ಪಿನ್ ತೆಗೆದು ಗಾಳಿ ಬಿಡಿ. ಒಳಗಿನ ರಿಮ್ ಒಡೆದಿದ್ದರೆ ಹಿಡಿದಿರುವುದು ಆ ನಟ್‌ಗಳು ಮಾತ್ರ. ಕಂಪೆನಿ ಹೇಳಿದ ಗಾಳಿಯ ಒತ್ತಡದ ಶೇ. 80ಕ್ಕಿಂತ ಕಡಿಮೆಯಲ್ಲಿ ಓಡಿದ ಟಯರಿಗೆ ಗಾಡಿಯಲ್ಲೇ ಗಾಳಿ ಏರಿಸಬೇಡಿ, ಬಿಚ್ಚಿ ಒಳಮೈ ನೋಡಿ.

ಟಯರಿನ ವಿಷಯ ಹೆಚ್ಚು ಹೇಳುವುದಿಲ್ಲ. ಟಯರಿನ ಹೊರಮೈಯ ಗುಂಡಿಯ (ಗೀರು) ಆಳ 1.6 ಮಿ.ಮೀ.ಗಿಂತ ಕಡಿಮೆಯಾಗಬಾರದು; ಜೋಡಿ ಟಯರಿನ ನಡುವೆ ಸಿಕ್ಕಿಕೊಂಡ ಕಲ್ಲನ್ನು ಕೋರೆಯಿಂದ ಹೊರಡುವ ಮೊದಲೇ ತೆಗೆಯಿರಿ.

ಕೊನೆಗೆ ಬೇರಿಂಗ್. ನಮ್ಮ ಕೆಂಪು ಮಣ್ಣು ಮಳೆಗೆ ಮೆತ್ತಗಾಗಿ ಜಾಕ್ ಹೂತುಹೋಗುವುದರಿಂದ ಅಡಿಗೆ ದಪ್ಪ ಹಲಗೆ, ಉಳಿದ ಚಕ್ರಗಳಿಗೆ ಅಡೆ ಕೊಡಿ. ಮುಂಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಕಂಡರೆ ಒಬ್ಬರು ಬ್ರೇಕ್ ತುಳಿಯಲಿ: ಆಟ ನಿಂತರೆ ದೋಷ ಬೇರಿಂಗಿನದು, ಉಳಿದರೆ ಕಿಂಗ್ ಪಿನ್ನಿನದು (ಮುಂಚಕ್ರ ಎಡಬಲಕ್ಕೆ ತಿರುಗುವ ಪಿನ್). ತಿರುಗಿಸುವಾಗ ಗರಗರ ಶಬ್ದ ಬಂದರೆ ಬಿಚ್ಚಲೇಬೇಕು. ಹಬ್ಬಿನ ಒಳಗಡೆ ಗ್ರೀಸ್ ಇಳಿದಿದ್ದರೆ ಆಯಿಲ್ ಸೀಲ್ ಹೋಗಿದೆ, ಬ್ರೇಕ್ ಲೈನರ್ ನೆನೆದಿದೆಯೇ ಅದನ್ನೂ ನೋಡಿ. ಹೊರಗೆ ಲಾರಿಯ ಮುಂಚಕ್ರ ಎತ್ತಿಟ್ಟಿದ್ದೇವೆ. ಒಬ್ಬರು ಕ್ಯಾಬಿನ್ ಹತ್ತಿ ಬ್ರೇಕ್ ತುಳಿಯಿರಿ, ಉಳಿದವರು ಒಬ್ಬೊಬ್ಬರಾಗಿ ಹಿಡಿದು ನೋಡುವ.